ಹನ್ನೊಂದು ಚುಕ್ಕಿ

ನಮ್ಮ ಲೆಕ್ಕದ ಮೇಡಂ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಬೆಳ್ಳಗಿರುತ್ತಿದ್ದವು. ಬೆಳಿಗ್ಗೆ ಮನೆ ಮುಂದಿನ ರಂಗೋಲಿ ಪುಡಿ, ಹತ್ತು ಗಂಟೆಯಿಂದ ಕಾಲೇಜಿನ ಸೀಮೆಸುಣ್ಣ. ಸೀರೆಯ ಸೆರಗಿನ ತುದಿಯಲ್ಲಿ, ಹಾಜರಿ ಪುಸ್ತಕದ ಅಂಚಿನಲ್ಲಿ, ನಮ್ಮ ಉತ್ತರಪತ್ರಿಕೆಗಳ ಮೂಲೆಯಲ್ಲಿ ಎಲ್ಲೆಲ್ಲೂ ಆ ಎರಡು ಬೆರಳಿನ ಗುರುತು. ಆ ಬೆರಳನ್ನು ನಾನು ಹಿಡಿದದ್ದು ಒಂದೇ ಸಲ, ಅದೂ ಪುಡಿ ಒರೆಸುವುದಕ್ಕೆ. ಅದನ್ನು ಹೇಳುವ ಮೊದಲು ಅವರು ಎಂಥವರು ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ಎಷ್ಟು ದೊಡ್ಡದು ಎಂದು ಯಾರಿಗೂ ತಿಳಿಯುವುದಿಲ್ಲ.

ಮೇಡಂ ನಾಗಮಂಗಲದ ಕಡೆಯವರು, ಬಿಂಡಿಗನವಿಲೆಯ ದೇವಸ್ಥಾನದ ಮನೆತನ. ಮದುವೆಯಾಗಿರಲಿಲ್ಲ. ಶ್ರೀರಂಗಪಟ್ಟಣದ ಕೋಟೆಯೊಳಗೆ, ದೊಡ್ಡ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಗೇಟಿನ ಮುಂದೆ, ರಸ್ತೆಯ ಮೇಲೆ, ದಿನಾ ಹನ್ನೊಂದು ಚುಕ್ಕಿಯ ರಂಗೋಲಿ. ಮೊದಲ ಸಾಲಿಗೆ ಹನ್ನೊಂದು, ಆಮೇಲೆ ಒಂಬತ್ತು, ಏಳು, ಹೀಗೆ ಇಳಿಯುತ್ತಾ ತುದಿಯಲ್ಲಿ ಒಂದು. ಚುಕ್ಕಿಗಳನ್ನು ಬಳಸಿ ಬರುವ ಎಳೆ ಎಲ್ಲೂ ಕಡಿಯುತ್ತಿರಲಿಲ್ಲ. ಸೈಕಲ್ಲಿನವರು ಕೂಡ ಅದನ್ನು ತುಳಿಯದೆ ಪಕ್ಕಕ್ಕೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಪಾಠದಲ್ಲಿ ಮಹಾ ಬಿಗಿ. ಉತ್ತರ ಸರಿಯಿದ್ದರೂ ಅಂಕ ಕೊಯ್ಯುತ್ತಿದ್ದರು. "ಉತ್ತರ ಪಕ್ಕದವನ್ದು ನೋಡಿಯೂ ಬರೀಬಹುದಪ್ಪ. ಸ್ಟೆಪ್ಸ್ ತೋರ್ಸು" ಎನ್ನುವುದು ಅವರ ಮಾತು. ನಾನು ಬಾಬುರಾಯನಕೊಪ್ಪಲಿನವನಾದ್ದರಿಂದ ಹೆಸರು ಬಿಟ್ಟು "ಏನಪ್ಪ ಕೊಪ್ಪಲು" ಎಂದೇ ಕರೆಯುತ್ತಿದ್ದರು. ಕಾಲೇಜಿನ ಎನ್ನೆಸ್ಸೆಸ್ ಕೂಡ ಅವರದೇ. ಗಿಡ ನೆಟ್ಟು, ಫೋಟೊ ಹೊಡೆಸಿಕೊಂಡು, ಉಪ್ಪಿಟ್ಟು ತಿಂದು ಬರುವುದೇ ಸೇವೆ ಎಂದುಕೊಂಡು ನಾನೂ ಸೇರಿದ್ದೆ.

ಕೊರೋನಾದ ಎರಡನೇ ಅಲೆಯಲ್ಲಿ ಉಪ್ಪಿಟ್ಟಿನ ಕಾಲ ಮುಗಿಯಿತು. ಪಾಂಡವಪುರ, ಕೆ.ಆರ್. ಪೇಟೆಯ ಹುಡುಗರು ಅವರವರ ಊರಿನಲ್ಲೇ ಕೆಲಸ ಮಾಡುವುದು, ಪಟ್ಟಣದ ಸುತ್ತಿನವರು ಕೋಟೆಯೊಳಗೆ ಮಾಡುವುದು ಎಂದಾಯಿತು. ಮನೆ ಬಿಟ್ಟು ಬರಲಾರದವರಿಗೆ ಊಟದ ಪೊಟ್ಟಣ, ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತಲುಪಿಸಬೇಕು. ಬಾಗಿಲ ಬಳಿ ಇಡುವುದು, ಬೆಲ್ ಒತ್ತುವುದು, ನಿಲ್ಲದೆ ಬರುವುದು. ಕೋಟೆ ಅಷ್ಟು ಸುಮ್ಮನಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮೈಸೂರು ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಪಶ್ಚಿಮವಾಹಿನಿಯ ಹೊಳೆ ಕಡೆಗೆ ಬೂದಿಯ ಕುಡಿಕೆ ಹೊತ್ತ ಕಾರುಗಳು ಮಾತ್ರ ಹೋಗುತ್ತಿದ್ದವು. ಜನಕ್ಕೆ ಕಾಯಿಲೆಗಿಂತ ಸೀಲ್‌ಡೌನಿನ ಭಯ. ಮನೆಗೆ ಪಟ್ಟಿ ಕಟ್ಟಿಬಿಡುತ್ತಾರೆ ಎಂದು ದಿಂಬಿಗೆ ಬಾಯಿಟ್ಟು ಕೆಮ್ಮುತ್ತಿದ್ದರು.

ಮೇಡಂ ಮನೆಯಿದ್ದ ಬೀದಿ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಒಬ್ಬ ದರ್ಜಿ ಒಂಟಿಯಾಗಿದ್ದ. ಸೋಮವಾರ ಪೊಟ್ಟಣ ಇಟ್ಟೆ, ಬೆಲ್ ಒತ್ತಿದೆ, ಬಂದೆ. ಮಂಗಳವಾರ ಹೋದಾಗ ಸೋಮವಾರದ್ದು ಅಲ್ಲೇ ಇತ್ತು, ಇರುವೆ ಹತ್ತಿತ್ತು. ಪಕ್ಕಕ್ಕೆ ಸರಿಸಿ ಹೊಸದನ್ನು ಇಟ್ಟೆ. ನಮಗೆ ಕೊಟ್ಟಿದ್ದ ಬೀದಿಯ ಪುಸ್ತಕದಲ್ಲಿ ಎರಡು ದಿನವೂ 'ತಲುಪಿಸಿದೆ' ಎಂದು ಬರೆದೆ. ಬುಧವಾರ ಪಕ್ಕದ ಮನೆಯವರು ಬಾಗಿಲು ಒಡೆಸಿದರು. ಯಾವತ್ತು ಹೋದನೋ ಯಾರಿಗೂ ಗೊತ್ತಾಗಲಿಲ್ಲ.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪುಸ್ತಕ ತಿರುವಿ, "ತಲುಪಿಸಿದೆ ಅಂತ ಬರ್ದಿದೀಯ. ಉತ್ತರ ಸರಿಯಾಗಿದೆ. ಸ್ಟೆಪ್ಸ್ ಎಲ್ಲಪ್ಪ?" ಅಂದರು.

ಮಾರನೆಯ ದಿನದಿಂದ ಅವರದೇ ಒಂದು ಏರ್ಪಾಡು ಶುರುವಾಯಿತು. ಜನ ಬಾಗಿಲು ತೆಗೆಯುವುದಿಲ್ಲ, ಫೋನ್ ಎತ್ತಿದರೆ ಚೆನ್ನಾಗಿದೀವಿ ಎನ್ನುತ್ತಾರೆ. ಆದರೆ ಸಾರಿಸಿ ರಂಗೋಲಿ ಹಾಕುವುದನ್ನು ಯಾವ ಹೆಂಗಸೂ ಬಿಡುವುದಿಲ್ಲ. ಬಿಟ್ಟರೆ ಒಂದೋ ಏಳಲಾಗುತ್ತಿಲ್ಲ, ಇಲ್ಲವೋ ಸೂತಕ. ಆದ್ದರಿಂದ ಬೆಳಿಗ್ಗೆ ಎಂಟರೊಳಗೆ ಬೀದಿ ನೋಡಿ ಬರಬೇಕು. ರಂಗೋಲಿ ಇಲ್ಲದ ಮನೆಯ ಬಾಗಿಲು ತಟ್ಟಬೇಕು, ತೆಗೆಯುವವರೆಗೆ ನಿಲ್ಲಬೇಕು. ಮುಸ್ಲಿಮರ ಬೀದಿಯಲ್ಲಿ ಬಾಗಿಲ ಪರದೆಯನ್ನು ಒಂದು ಪಕ್ಕಕ್ಕೆ ಕಟ್ಟಿಡುವುದು, ಒಂಟಿ ಗಂಡಸರು ಮೆಟ್ಟಿಲ ಮೇಲೆ ಚೊಂಬು ನೀರಿಡುವುದು ಎಂದು ಮಾತಾಯಿತು.

ಮನೆಯಲ್ಲಿ ಇದನ್ನು ಹೇಳಿದಾಗ ನಮ್ಮವ್ವ ಹಾಲು ಕರೆಯುವುದನ್ನು ನಿಲ್ಲಿಸಿ ನಕ್ಕಳು. "ಅಯ್ಯೋ ನಿನ್ನ! ಇಪ್ಪತ್ತು ವರ್ಸದಿಂದ ನನ್ ರಂಗೋಲೆ ತುಳ್ಕಂಡೇ ಓಡಾಡ್ದೋನು, ಈಗ ಊರೋರ್ ರಂಗೋಲೆ ನೋಡಕ್ಕೆ ಓಗ್ತಾವ್ನಂತೆ ಕಣ್ರಪ್ಪೋ!" ಆಮೇಲೆ ಸಗಣಿ ಸಾರಿಸಿದ ಅಂಗಳದಲ್ಲೇ ನನ್ನನ್ನು ಕೂರಿಸಿ, ಇವತ್ತಿನದು ಯಾವುದು, ನೆನ್ನೆಯದು ಯಾವುದು, ನೆಲದ ತೇವ ನೋಡಿ ಹೇಗೆ ಹೇಳುವುದು ಎಂದು ಅವಳೇ ಕಲಿಸಿಕೊಟ್ಟಳು.

ರಂಗೋಲಿ ಇದ್ದರಷ್ಟೇ ಸಾಲದು ಎಂದು ತೋರಿಸಿದವರು ಮೇಡಂ. ಒಂದು ದಿನ ನನ್ನ ಜೊತೆ ಬೀದಿ ಸುತ್ತಲು ಬಂದವರು ಮೂಲೆಯ ಅರ್ಚಕರ ಮನೆ ಮುಂದೆ ನಿಂತರು. ಒಳ್ಳೆ ರಂಗೋಲಿ, ನಾನಾಗಲೇ ಟಿಕ್ ಹಾಕಿದ್ದೆ. ಅವರು ಬಗ್ಗಿ ನೋಡಿ, "ಇದು ಅಜ್ಜಿ ಕೈಯಲ್ಲ ಕಣಪ್ಪ. ಅಜ್ಜಿ ಎಳೆ ದಪ್ಪ. ಇದನ್ನ ಸೊಸೆ ಹಾಕಿದಾಳೆ" ಅಂದರು. ಬಾಗಿಲು ತಟ್ಟಿದರೆ ಸೊಸೆ ಕಿಟಕಿಯಿಂದಲೇ, "ಎಲ್ಲ ಚೆನ್ನಾಗಿದೀವಿ ಮೇಡಂ" ಎಂದಳು. ಮೇಡಂ ಕದಲಲಿಲ್ಲ. ಬಿಸಿಲೇರಿತು. ಕೊನೆಗೆ ಆ ಹುಡುಗಿ ಅಳುತ್ತಾ ಬಾಗಿಲು ತೆಗೆದಳು. ನಡುಮನೆಯಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಕೂತಿದ್ದರು. ಮಂಡ್ಯದ ಆಸ್ಪತ್ರೆಗೆ ಹೋಗಿ, ಬದುಕಿ, ವಾಪಸು ಬಂದು ಮತ್ತೆ ದಪ್ಪ ಎಳೆ ಎಳೆದರು.

ಆ ಸಂಜೆ ಮೇಡಂ ನನ್ನ ಪುಸ್ತಕ ಇಸಿದುಕೊಂಡು, ಹಿಂದಿನ ಪುಟಗಳಲ್ಲಿ ಬೀದಿಯ ಒಂದೊಂದು ಮನೆಗೂ ಒಂದೊಂದು ಸಾಲು ಬರೆದುಕೊಟ್ಟರು. ಯಾರದು ದಪ್ಪ ಎಳೆ, ಯಾರದು ಎಡಗೈ, ಯಾರದು ಎಷ್ಟು ಚುಕ್ಕಿ. "ಪೂರ್ತಿ ಓದ್ಕೋ" ಅಂದರು. ಓದಿಕೊಂಡೆ, ಕೊನೆಯ ಸಾಲೊಂದನ್ನು ಬಿಟ್ಟು. ಅದು ಅವರದೇ ಮನೆ. ಮೇಡಂ ಮನೆಯ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ ಎನ್ನುವ ಧಿಮಾಕು.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಭಾನುವಾರ ಅವರ ಫೋನು. "ಕೊಪ್ಪಲು, ಇವತ್ತಿಂದ ಯಾರೂ ಮನೆ ಹತ್ರ ಬರೋದು ಬೇಡ. ಆನ್‌ಲೈನ್ ಕ್ಲಾಸು ಮಾಡಿ ಮಾಡಿ ಗಂಟಲು ಕಟ್ಟಿದೆ. ಏನಿದ್ರೂ ಮೆಸೇಜು ಹಾಕಿ." ಸರಿ ಅಂದೆ. ಗೇಟಿನ ಮುಂದೆ ಹನ್ನೊಂದು ಚುಕ್ಕಿ ಇತ್ತು. ಟಿಕ್ ಹಾಕಿದೆ.

ಸೋಮವಾರ ಒಂಬತ್ತು ಚುಕ್ಕಿ. ಮಂಗಳವಾರ ಏಳು, ಅದೂ ರಸ್ತೆಯ ಮೇಲಲ್ಲ, ಗೇಟಿನ ಒಳಗೆ. ಬೀದಿಗೆ ಬರುವುದು ಬೇಡ ಎಂದು ಜಾಗ್ರತೆ ಮಾಡಿದ್ದಾರೆ, ನಾವೇ ಹೇಳಿಕೊಂಡು ತಿರುಗುವುದೂ ಅದೇ ತಾನೆ ಎಂದುಕೊಂಡೆ. ಬುಧವಾರ ಐದು. ಇನ್ನಷ್ಟು ಒಳಗೆ, ಮೆಟ್ಟಿಲಿನ ಹತ್ತಿರ. ಆಗ ನನಗೂ ಏನೋ ಸರಿಯಿಲ್ಲ ಅನ್ನಿಸಿ ಗೇಟಿನ ಬಳಿಯೇ ನಿಂತು ಫೋನು ಮಾಡಿದೆ.

"ಮೇಡಂ, ಯಾಕೋ ಚುಕ್ಕಿ ಕಮ್ಮಿ ಆಯ್ತಾ ಅವೆ?"

ಆ ಕಡೆಯಿಂದ ನಗು. "ಪುಡಿ ಮುಗೀತಾ ಬಂತಪ್ಪ. ಅಂಗಡಿ ತೆಗೀಲಿ. ನೀನು ಮುಂದಿನ ಮನೆ ನೋಡು."

ನಾನು ಮುಂದಿನ ಮನೆ ನೋಡಿದೆ. ನನ್ನ ಬುದ್ಧಿವಂತಿಕೆಗೆ ಏನು ಹೇಳಲಿ! ಮನೆಗೆ ಬಂದು ಅವ್ವನಿಗೆ ಹೇಳಿದರೆ, ಅವಳು ಡಬ್ಬದಿಂದ ಪುಡಿ ತೆಗೆದು ಕವರಿಗೆ ತುಂಬಿದಳು. "ತಗಂಡೋಗಿ ಕೊಡ್ಲಾ. ಮೇಡಮ್ಮೋರ ಬಾಗ್ಲು ಬೋಳಾಗಿರಬಾರ್ದು." ಗುರುವಾರ ಅದನ್ನು ಗೇಟಿಗೆ ಕಟ್ಟಿ, ಮೆಸೇಜು ಹಾಕಿದೆ. ಅಂದು ಮೆಟ್ಟಿಲ ಮೇಲೆ ಮೂರು ಚುಕ್ಕಿ. ಟಿಕ್ ಹಾಕಿದೆ.

ಶುಕ್ರವಾರ ಹೋದಾಗ ಕವರು ಗೇಟಿನಲ್ಲೇ ನೇತಾಡುತ್ತಿತ್ತು. ಅದನ್ನು ನೋಡಿದ್ದೇ ದರ್ಜಿಯ ಬಾಗಿಲಲ್ಲಿ ಇರುವೆ ಹತ್ತಿದ ಪೊಟ್ಟಣ ಕಣ್ಣಿಗೆ ಬಂತು. ಗೇಟಿನ ಸಂದಿಯಿಂದ ಬಾಗಿಲು ನೋಡಿದೆ. ಹೊಸ್ತಿಲ ಮೇಲೆ ಒಂದೇ ಒಂದು ಚುಕ್ಕಿ. ಎಳೆ ಇರಲಿಲ್ಲ.

ಸೈಕಲ್ ಬಿಸಾಕಿ ಬಾಗಿಲು ಬಡಿದೆ. ಚಿಲಕ ಹಾಕಿರಲಿಲ್ಲ. ಬಾಗಿಲ ಹಿಂದೆಯೇ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಹೊಸ್ತಿಲಿಗೆ ಕೈ ಚಾಚಿದರೆ ಸಿಗುವಷ್ಟೇ ದೂರ. ಮಡಿಲಲ್ಲಿ ರಂಗೋಲಿ ಡಬ್ಬ. ಅದರ ತುಂಬ ಪುಡಿಯಿತ್ತು.

"ಬಂದ್ಯಾ" ಅಂದರು. ಒಂದೊಂದು ಮಾತಿಗೂ ಉಸಿರು ಹುಡುಕುತ್ತಿದ್ದರು. ನನ್ನ ಚೀಲದಲ್ಲಿ ಆಕ್ಸಿಜನ್ ನೋಡಲು ಬೆರಳಿಗೆ ಹಾಕುವ ಮಿಷನ್ನಿತ್ತು. ತೋರುಬೆರಳಿನ ಪುಡಿಯನ್ನು ನನ್ನ ಅಂಗಿಯಿಂದ ಒರೆಸಿ ಹಾಕಿದೆ. ಬಂದ ಸಂಖ್ಯೆಯನ್ನು ನಾನು ಮುಚ್ಚಿಡುವ ಮೊದಲೇ ಅವರು ಓದಿಕೊಂಡು, "ಫೇಲು" ಅಂದರು.

"ಯಾಕ್ ಮೇಡಂ ಹೇಳ್ನಿಲ್ಲ? ಒಂದ್ ಮಾತು ಹೇಳಿದ್ರೆ ಆಯ್ತಿತ್ತಲ್ಲ!" ನಾನು ಅಳುತ್ತಿದ್ದೆ.

"ಹೇಳಿದ್ರೆ ನಿಮ್ಮನ್ನೆಲ್ಲ ಹದಿನಾಲ್ಕು ದಿನ ಮನೇಲಿ ಕೂರಿಸ್ತಾರೆ. ಬೀದಿ ಯಾರು ನೋಡ್ತಾರೆ?"

ನಮಗೆ ಓಡಾಡಲು ಪಾಸು ಕೊಟ್ಟವರ ಷರತ್ತು ಹಾಗೇ ಇತ್ತು. ಒಂದು ಊರಿನ ತಂಡದಲ್ಲಿ ಒಬ್ಬರಿಗೆ ಬಂದರೆ ಅಲ್ಲಿಯ ಎಲ್ಲರೂ ಬಂದ್. ನಾಲ್ಕಾರು ದಿನ ತಡೆದರೆ ತಾನಾಗೇ ಇಳಿಯುತ್ತದೆ ಎಂದು ಅವರ ಲೆಕ್ಕ. ಬದುಕಿನಲ್ಲಿ ಅವರು ತಪ್ಪು ಮಾಡಿದ ಲೆಕ್ಕ ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ. ನಾವು ಏನನ್ನು ನೋಡುತ್ತೇವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನೇ ನಮ್ಮ ಕಣ್ಣಿಗೆ ಹಾಕಿಟ್ಟು, ಐದು ದಿನ ನಮ್ಮನ್ನು ಮುಂದಿನ ಮನೆಗೆ ಕಳಿಸಿದರು.

ಮಂಡ್ಯದಲ್ಲಿ ಹಾಸಿಗೆ ಸಿಕ್ಕಿತು. ಐದನೆಯ ದಿನ ಹೋಗಿಬಿಟ್ಟರು. ಬಿಂಡಿಗನವಿಲೆಯಿಂದ ಅವರ ಅಣ್ಣ ಒಬ್ಬರೇ ಬೈಕಿನಲ್ಲಿ ಬಂದಿದ್ದರು. ಆಸ್ಪತ್ರೆಯವರು ಅವರಿಗೂ ಮುಖ ತೋರಿಸಲಿಲ್ಲ. ನಮ್ಮ ಹದಿನಾಲ್ಕು ದಿನ ಮುಗಿದ ಮೇಲೆ ಅವರು ಬೂದಿ ಬಿಡಲು ಪಶ್ಚಿಮವಾಹಿನಿಗೆ ಹೋದಾಗ ನಾನು ದೂರ ಮೆಟ್ಟಿಲ ಮೇಲೆ ನಿಂತಿದ್ದೆ. ಎರಡು ದಿನ ಮೊದಲೇ ಕರೆತಂದಿದ್ದರೆ ಉಳಿಯುತ್ತಿದ್ದರು ಎಂದು ವೈದ್ಯರು ಅಂದರಂತೆ, ಅವರ ಅಣ್ಣ ಹೇಳಿದರು. ನನ್ನನ್ನು ಬೈಯಲು ಹೇಳಿದ್ದಲ್ಲ, ಪಾಪ, ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ.

ಕೋಟೆಯ ಬೀದಿಯ ಕೆಲಸ ನಿಲ್ಲಲಿಲ್ಲ. ನಾವು ಮನೆಯಲ್ಲಿ ಕೂತ ಹದಿನಾಲ್ಕು ದಿನ ಪಾಂಡವಪುರದ ಹುಡುಗಿಯೊಬ್ಬಳು ನನ್ನ ಬೀದಿ ವಹಿಸಿಕೊಂಡಳು. ಪುಸ್ತಕ ಕಳಿಸಿಕೊಟ್ಟಿದ್ದೆ. ಎರಡನೆಯ ದಿನ ಅವಳ ಫೋನು ಬಂತು.

"ಅಣ್ಣಾ, ಹಿಂದ್ಗಡೆ ಪುಟದಲ್ಲಿ ಮೇಡಂ ಬರ್ದಿರೋದ್ನೆಲ್ಲ ಓದ್ಕಂಡೆ. ಕೊನೇ ಮನೆನೂ ನೋಡ್ಬೇಕಾ? ಅದು ಬೀಗ ಹಾಕೈತೆ."

"ಅದು ಮೇಡಂ ಮನೆನೇ ಕಣವ್ವ. ಏನ್ ಬರ್ದವ್ರೆ?" ಅಂದೆ.

ಅವಳು ಓದಿದಳು. ನಾನು ಇನ್ನೊಂದು ಸಲ ಓದಿಸಿದೆ.

ಈಗ ನಾನು ಬೆಳ್ಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಎರಡು ದಿನ ಬಾರದ ಮಕ್ಕಳ ಮನೆಗೆ ಹೋಗುತ್ತೇನೆ. "ಏನಿಲ್ಲ ಸಾ, ವಸಿ ಜ್ವರ" ಅನ್ನುತ್ತಾರೆ, "ನೆಂಟರ ಮನೆಗೆ ಓಗವ್ಳೆ" ಅನ್ನುತ್ತಾರೆ. ಆದರೂ ಒಳಗೆ ಹೋಗಿ ಮಗುವಿನ ಮುಖ ನೋಡಿಯೇ ಬರುತ್ತೇನೆ. ಒಮ್ಮೊಮ್ಮೆ ಅಪ್ಪಂದಿರಿಗೆ ಸಿಟ್ಟು ಬರುತ್ತದೆ. "ನಂಬಿಕಿಲ್ವಾ ಮೇಷ್ಟ್ರೇ ನಮ್ ಮಾತು?" ಎಂದು ಒಬ್ಬರು ಕೇಳಿಯೂ ಬಿಟ್ಟರು. ನಂಬಿಕೆಯ ಮಾತಲ್ಲ, ನನಗೆ ಹಾಗೆ ಬರೆದುಕೊಟ್ಟಿದ್ದಾರೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆ ಪುಸ್ತಕ ನನ್ನ ಹತ್ತಿರವೇ ಇದೆ. ಮುಂದಿನ ಪುಟಗಳಲ್ಲಿ ಭಾನುವಾರದಿಂದ ಗುರುವಾರದವರೆಗೆ ನನ್ನ ಐದು ಟಿಕ್. ಹಿಂದಿನ ಪುಟದ ತುದಿಯಲ್ಲಿ ಅವರ ದುಂಡನೆಯ ಅಕ್ಷರ, ಪಕ್ಕದಲ್ಲಿ ಬೆಳ್ಳಗಿನ ಬೆರಳಿನ ಗುರುತು:

"ನಮ್ಮನೆ. ಹನ್ನೊಂದು ಚುಕ್ಕಿ, ರಸ್ತೆ ಮೇಲೆ. ಕಮ್ಮಿಯಾದರೆ ಬಾಗಿಲು ತಟ್ಟು. ನಾನು ಏನು ಹೇಳಿದರೂ ತಟ್ಟು."