ಪ್ಲಾಸ್ಟಿಕ್ ಮೇಲೆ ನಿಲ್ಲದ ಸೀಲು

ಮಿಲ್ಟ್ರಿ ಮಾವನ ಪತ್ರಕ್ಕೆ ಲ್ಯಾಮಿನೇಷನ್ ಮಾಡಿ ನಾನು ತೆಗೆದುಕೊಂಡದ್ದು ಹತ್ತು ರೂಪಾಯಿ. ಉಳಿದವರಿಗೆ ಹದಿನೈದು. ಲ್ಯಾಮಿನೇಷನ್ ಯಂತ್ರವನ್ನು ಚೌಕಾಸಿ ಮಾಡಿ ಕೊಟ್ಟೂರಿನ ನನ್ನ ಝೆರಾಕ್ಸ್ ಅಂಗಡಿಗೆ ತಂದ ದಿನ ಅವರದೇ ಬೋಣಿಗೆ. ಅದಕ್ಕೇ ಐದು ಬಿಟ್ಟಿದ್ದೆ. ಈಗಲೂ ಪ್ಲಾಸ್ಟಿಕ್ ಕಾದ ವಾಸನೆ ಬಂದರೆ ಆ ಹತ್ತು ರೂಪಾಯಿ ನೆನಪಾಗುತ್ತದೆ...

ನಮ್ಮ ಓಣಿಯ ಮಿಲ್ಟ್ರಿ ಮಾವ ಅವರು. ಎಪ್ಪತ್ತೊಂದರ ಯುದ್ಧದಲ್ಲಿ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಹಾಕಿಕೊಂಡಿದ್ದ ಕಟ್ಟಿಗೆಯ ಕಾಲು ಸೀಳು ಬಿಟ್ಟು ಚರ್ಮ ಕಚ್ಚುತ್ತಿತ್ತು. ಅಂಗವಿಕಲ ಮಾಜಿ ಸೈನಿಕರಿಗೆ ಸರ್ಕಾರ ಪಿಂಚಣಿಯ ಜೊತೆ ಪರಿಹಾರವನ್ನೂ ಕೊಡುತ್ತದೆಂದು ತಿಳಿದು ಅರ್ಜಿ ಬರೆದುಕೊಟ್ಟವನು ನಾನು. ಆ ದುಡ್ಡು ಬಂದರೆ ಹಗುರವಾದ ಹೊಸ ಕಾಲು ಹಾಕಿಸಿಕೊಳ್ಳುವ ಆಸೆ ಅವರಿಗೆ. ಮಡಿಕೆಯಲ್ಲಿ ಹರಿಯುತ್ತಿದ್ದ ಅವರ ಸೈನ್ಯದ ಡಿಸ್ಚಾರ್ಜ್ ಪತ್ರ ನೋಡಿ ಬುದ್ಧಿ ಹೇಳಿದವನೂ ನಾನೇ.

"ಮಾವ, ಇದಕ್ಕ ಲ್ಯಾಮಿನೇಷನ್ ಮಾಡ್ಸಿಬಿಡ್ರಿ. ನೂರು ವರ್ಷ ಬಾಳ್ತೈತಿ."

"ನನಗಿಂತ ಗಟ್ಟಿ ಆಗ್ತೈತೇನಲೇ?" ಎಂದು ನಕ್ಕರು.

ಜಿಲ್ಲಾ ಕಚೇರಿಗೆ ಇಬ್ಬರೂ ಹೋದೆವು. ಮಂಜೂರಾತಿಯನ್ನು ಅಸಲು ಪತ್ರದ ಬೆನ್ನಿಗೇ ಬರೆದು ಸೀಲು ಹೊಡೆಯಬೇಕಂತೆ. ಗುಮಾಸ್ತ ಪತ್ರ ತಿರುಗಿಸಿ ನೋಡಿ ನಮ್ಮತ್ತ ತಳ್ಳಿದ.

"ಪ್ಲಾಸ್ಟಿಕ್ ಮ್ಯಾಲೆ ಸೀಲ್ ನಿಲ್ಲಂಗಿಲ್ಲ. ಮಿಲ್ಟ್ರಿ ಆಫೀಸಿಂದ ಬ್ಯಾರೆ ತರಸ್ರಿ."

"ಹಾಳಿ ಅಂಟಿಸಿ ಕೊಡ್ತೀನ್ರಿ, ಅದರ ಮ್ಯಾಲೆ ಹೊಡೀರಿ," ಎಂದು ನಾನು ಚೌಕಾಸಿಗಿಳಿದೆ.

"ರೂಲ್ಸ್‌ನಾಗ ಇಲ್ಲ."

ಮಾವ ಪಟ್ಟಿ ಬಿಚ್ಚಿ ಕಟ್ಟಿಗೆಯ ಕಾಲನ್ನು ಮೇಜಿನ ಮೇಲಿಟ್ಟರು. "ಇದಕ್ಕ ಲ್ಯಾಮಿನೇಷನ್ ಮಾಡ್ಸಿಲ್ರಿ ಸಾಹೇಬ್ರ. ಇದರ ಮ್ಯಾಲೆ ಹೊಡೀರಿ."

ಗುಮಾಸ್ತ ಕಾಲನ್ನು ಪಕ್ಕಕ್ಕೆ ಸರಿಸಿ, ಅದರಡಿ ಸಿಕ್ಕಿದ್ದ ಫೈಲು ಎಳೆದುಕೊಂಡ.

ಬೇರೆ ಪತ್ರಕ್ಕಾಗಿ ಮಿಲ್ಟ್ರಿ ಆಫೀಸಿಗೆ ಬರೆದು ಎರಡು ಮಳೆಗಾಲ ಕಾದೆವು. ಕಾಲಿನ ಗಾಯ ಮಾಯಲಿಲ್ಲ. ಮಾವ ಅಂಗಡಿಗೆ ಬರುವುದನ್ನೂ ಬಿಟ್ಟರು. ನನ್ನನ್ನು ಒಮ್ಮೆಯೂ ಬೈಯಲಿಲ್ಲ... ಬೇರೆ ಪತ್ರ ನನ್ನ ಅಂಗಡಿಯ ವಿಳಾಸಕ್ಕೆ ಬಂದಾಗ ಅವರನ್ನು ಮಣ್ಣು ಮಾಡಿ ಹದಿನೈದು ದಿನವಾಗಿತ್ತು. ಇಲ್ಲದ ಕಾಲು ಕಣ್ಣೆದುರಿಗೇ ಇದ್ದರೂ ಸೀಲಿಗೆ ಜಾಗವಿಲ್ಲವೆಂದರಲ್ಲ! ಆ ಸಿಟ್ಟು ಇಂದಿಗೂ ಆರಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಇವತ್ತೂ ಒಬ್ಬರು ಅಸಲು ಪತ್ರ ತಂದಿದ್ದರು; ವಾಪಸು ಕಳಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಅಸಲು ಕಾಗದವನ್ನು ಬಾಯಿ ತೆರೆದ ಕವರಿನಲ್ಲಿಡಿ, ಲ್ಯಾಮಿನೇಷನ್ ಬೇಕಾದರೆ ನಕಲಿಗೆ ಮಾಡಿಸಿ. ಆಗುವುದಿಲ್ಲ ಎಂದವರಿಂದ ಆ ಮಾತನ್ನೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಅಂದು ನಾನು ಎದ್ದುಬಿಟ್ಟೆ, ಮಾವನ ಕಾಲನ್ನು ಕಂಕುಳಲ್ಲಿ ಹಿಡಿದುಕೊಂಡು.