ಬಾಟ್‌ಗೆ ನಾನು ಹಾಕಿದ ವಿರೋಧ

ನಮ್ಮ ಭಾಗದ ಊರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ತಾನಾಗಿಯೇ ಪುಟ ಬರೆಯುವ ಬಾಟ್ ಎಂಬ ತಂತ್ರಾಂಶವೊಂದನ್ನು ಮಾನ್ವಿ ಊರಿನ ನನ್ನ ಗೆಳೆಯನೊಬ್ಬ ಮಾಡಿದ್ದ. ಅದನ್ನು ಓಡಿಸಲು ವಿಕಿಯಲ್ಲಿ ಬರೆಯುವವರೆಲ್ಲರ ಒಪ್ಪಿಗೆ ಬೇಕು. ಮೊದಲು ಪರೀಕ್ಷೆಗೆಂದು ಕೆಲವು ಪುಟ ಹಾಕಿದ. ಪ್ರತಿ ಪುಟದಲ್ಲೂ ಅದೇ ಸಾಲು: ‘ಇಲ್ಲಿ ಎಲ್ಲ ಜಾತಿಯವರೂ ಅಣ್ಣತಮ್ಮಂದಿರಂತೆ ಬಾಳುತ್ತಾರೆ.’ ದೇವದುರ್ಗ ತಾಲ್ಲೂಕಿನ ನನ್ನೂರಿನ ಪುಟದಲ್ಲೂ ಅದೇ. ಉಳಿದವರೆಲ್ಲ ಬೆಂಬಲ ಎಂದು ಸಹಿ ಹಾಕಿದರು. ನಾನೊಬ್ಬನೇ ವಿರೋಧ ಎಂದು ಬರೆದೆ.

ಮರುದಿನವೇ ಅವನು ನಾನಿರುವ ರಾಯಚೂರಿಗೆ ಬಂದ. ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ನನ್ನ ಕೊರಳಪಟ್ಟಿಗೆ ಕೈ ಹಾಕಿದ.

“ಮಂದಿ ಎಲ್ಲಾ ಹೂಂ ಅಂದಾರ. ನಿನಗ್ಯಾಕಲೇ ಹೊಟ್ಟಿಕಿಚ್ಚು?” ಎಂದು ಕೆನ್ನೆಗೆ ಬಾರಿಸಿದ. ಚಹಾದ ಗ್ಲಾಸು ಬಿದ್ದು ಚೂರಾಯಿತು. ನಾನೂ ಬಿಡಲಿಲ್ಲ. ನನ್ನ ಗುದ್ದಿಗೆ ಅವನ ತುಟಿ ಒಡೆದು ರಕ್ತ ಬಂತು. ಅಂಗಡಿಯವನು ಓಡಿಬಂದು ಇಬ್ಬರನ್ನೂ ಬಿಡಿಸಿದ.

ನಾನು ತಲೆ ಬಗ್ಗಿಸಿ, ಕೂದಲು ಸರಿಸಿ, ಹಳೆಯ ಗಾಯದ ಗುರುತು ತೋರಿಸಿದೆ. “ಊರ ಬಾವ್ಯಾಗ ಕೊಡ ಇಳಿಸಿದ್ದಕ್ಕ ನಿನ್ನ ಅಣ್ಣತಮ್ಮಂದಿರು ಕಲ್ಲಿಲೇ ಹೊಡದದ್ದು ಇದು. ನೋಡು.”

ಅವನು ನೋಡಿದ. ತುಟಿಯ ರಕ್ತ ಒರೆಸಿಕೊಂಡ. ದನಿ ಇಳಿಸಿ, “ಆತು ಬಿಡೋ, ನಿಮ್ಮೂರಿನ ಪುಟದಾಗ ಅಷ್ಟ ಆ ಸಾಲು ತಗೀತೀನಿ, ಉಳಿದ ಊರಾಗ ಇರಲಿ” ಎಂದ.

ಈ ಸಲ ಕೊರಳಪಟ್ಟಿ ಹಿಡಿದವನು ನಾನು.