ವಿದ್ಯುಲ್ಲತೆಯ ಹೊಸ ಮೈ

ಹೋದ ವಾರ ಮಿರಜದ ಸಿತಾರ್ ಮಾಡುವವರ ಓಣಿಯಲ್ಲಿ ಹಾಯ್ದು ಬರುವಾಗ ಅರಗು ಮತ್ತು ಸ್ಪಿರಿಟ್ ಕಲೆಸಿದ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ವಾದ್ಯಕ್ಕೆ ಹಚ್ಚುವ ಪಾಲಿಶ್. ನನಗೆ ಅದು ನಮ್ಮ ಕೆಳಮನೆಯ ಮಾವಶಿ...

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ರಕ್ತಸಂಬಂಧವೇನಲ್ಲ. ನಾವು ಮಾಳಿಗೆಯ ಮೇಲೆ, ಅವರು ಕೆಳಗೆ ಒಬ್ಬರೇ. ಹೊಟ್ಟೆಪಾಡಿಗೆ ಸಿತಾರಿನ ಸೋರೆಬುರುಡೆಗಳ ಮೇಲೆ ಹೂಬಳ್ಳಿ ಬರೆಯುತ್ತಿದ್ದರು. ಮನಸ್ಸಿನ ಪಾಡಿಗೆ ಸಾಂಗಲಿಯ ಒಂದು ಸಹಕಾರಿ ಮುದ್ರಣಾಲಯ ಹೊರಡಿಸುತ್ತಿದ್ದ ಮರಾಠಿ ಮಕ್ಕಳ ಮಾಸಿಕಕ್ಕೆ ಚಿತ್ರಕಥೆ ಬರೆಯುತ್ತಿದ್ದರು. ಅದರ ನಾಯಕಿ ವಿದ್ಯುಲ್ಲತಾ, ಒಬ್ಬ ಹೆಣ್ಣು ರೋಬೋ. ಕೆಟ್ಟುನಿಂತ ಗಗನನೌಕೆಗಳನ್ನು ರಿಪೇರಿ ಮಾಡುತ್ತ ಗ್ರಹದಿಂದ ಗ್ರಹಕ್ಕೆ ತಿರುಗುವವಳು. ಚಿತ್ರ, ಕಲ್ಪನೆ ಎಲ್ಲ ಮಾವಶಿಯದು. ಪಾತ್ರಗಳ ಮಾತು ಬರೆಯುವವನು ನಾನು. ಕಾಲೇಜಿನಲ್ಲಿ ನಪಾಸಾಗಿ, ಊರವರ ದನಿ ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ನನ್ನ ಸ್ವಂತ ದನಿ ಹೇಗಿದೆಯೆಂದು ನನ್ನ ತಾಯಿಗೂ ಮರೆತುಹೋಗಿತ್ತು.

ಮುದ್ರಣಾಲಯಕ್ಕೊಬ್ಬ ಚೇರಮನ್ನರಿದ್ದರು. ಗಂಟಲು ಕೆರೆದು ‘ಅಂದ್ರ ನೋಡ್ರಿ’ ಎನ್ನದೆ ನೀರು ಕೂಡ ಕೇಳುತ್ತಿರಲಿಲ್ಲ. ಅವರ ಅಳಿಯ ಮುಂಬಯಿಯಲ್ಲಿ ಅರ್ಧಂಬರ್ಧ ಚಿತ್ರ ಕಲಿತು ಬಂದು ಮಾವನ ಮನೆಯಲ್ಲಿ ಕೂತಿದ್ದ. ಒಂದು ತಿಂಗಳು ಸಂಚಿಕೆ ಬಂತು, ನೋಡಿದರೆ ವಿದ್ಯುಲ್ಲತೆಯ ನೆತ್ತಿಯ ಮೇಲೆ ಅವನ ಹೆಸರು! ಕಲ್ಪನೆಯೂ ಅವನದೇ, ಚಿತ್ರವೂ ಅವನದೇ. ಅವಳ ಸೊಂಟ ಬಳೆಯೊಳಗೆ ತೂರುವಷ್ಟಾಗಿತ್ತು. ನೌಕೆ ರಿಪೇರಿ ಬಿಟ್ಟು ಗಗನಯಾತ್ರಿಗಳಿಗೆ ಚಹಾ ಕೊಡುತ್ತಿದ್ದಳು, ಯಾರಾದರೂ ಗದರಿದರೆ ಎಣ್ಣೆಯ ಕಣ್ಣೀರು ಸುರಿಸುತ್ತಿದ್ದಳು. ಅಳಿಯನಿಗೆ ಬೆರಳು ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಅವಳ ಕೈಗಳು ಸದಾ ಟ್ರೇಯ ಕೆಳಗೆ ಅಡಗಿರುತ್ತಿದ್ದವು.

ಮಾವಶಿ ಪುಟ ತಿರುವಿ ನೋಡಿದರು. “ನನ್ನ ಮಗಳ ಲಗ್ನ ಮಾಡ್ಯಾರ ನೋಡೋ, ನನಗs ಹೇಳದ” ಎಂದರು. ಅಷ್ಟೇ. ಬ್ರಷ್ಷು ತೊಳೆದಿಟ್ಟರು.

ಚಹಾ ಕೊಡುವ ರೋಬೋ ಮಕ್ಕಳಿಗೆ ಬೇಡವಾಯಿತು. ಮಾಸಿಕ ಕೊಳ್ಳುವವರು ಕಡಿಮೆಯಾದರು. ಬೇಸತ್ತ ಅಳಿಯ ಮುಂಬಯಿಗೆ ಮರಳಿದ. ಆಗ ಚೇರಮನ್ನರು ಬಾಳೆಹಣ್ಣಿನ ಚೀಲ ಹಿಡಿದು ಮಾವಶಿಯ ಬಾಗಿಲಿಗೆ ಬಂದರು.

“ಅಂದ್ರ ನೋಡವಾ ತಂಗಿ, ಮನೀ ಕೆಲಸ ಅಂತ ತಿಳಕೊಂಡ ಮತ್ತ ಶುರು ಮಾಡು. ಹೆಸರ ಅಷ್ಟ ಅಳ್ಯಾಂದs ಇರ್ಲಿ. ಅಚ್ಚಿನ ಬ್ಲಾಕ್ ಮಾಡಿಸಿಬಿಟ್ಟೇವಿ.”

“ಆಗ್ಲಿ ಅಣ್ಣಾರ. ಆದ್ರ ಅಚ್ಚಾಗೂತನಕ ಚಿತ್ರಾ ಯಾರೂ ನೋಡಬಾರದು.”

ಅವರು ಒಪ್ಪಿ ಹೋದರು. ಮಾವಶಿ ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಂದು ಬಾಳೆಹಣ್ಣು ಸುಲಿದು ಬಾಯಿಗಿಟ್ಟವನು ಹೆದರಿ ನುಂಗಿಬಿಟ್ಟೆ.

ಹೊಸ ಕಂತಿನ ಮೊದಲ ಪುಟದಲ್ಲೇ ವಿದ್ಯುಲ್ಲತಾ ಚಹಾದ ಟ್ರೇಯನ್ನು ರೊಟ್ಟಿಯಂತೆ ಮಡಿಚಿ ನುಂಗಿದಳು. ಆಮೇಲೆ ಸ್ಪ್ಯಾನರ್ ಹಿಡಿದು ತನ್ನ ಸೊಂಟವನ್ನು ತಾನೇ ಬಿಚ್ಚಿ ಬಿಸಾಕಿ, ಆ ಜಾಗದಲ್ಲಿ ಕಬ್ಬಿನ ಗಾಣದ ಉಕ್ಕಿನ ರೋಲರುಗಳನ್ನು ಜೋಡಿಸಿಕೊಂಡಳು. ಮಾಲಗಾಂವದ ಹೊಲದಲ್ಲಿ ಕೂತು ಮಾವಶಿ ಆ ಗಾಣದ ಒಂದೊಂದು ಹಲ್ಲನ್ನೂ ನೋಡಿ ಬರೆದುಕೊಂಡು ಬಂದಿದ್ದರು. ಬೆರಳುಗಳನ್ನಂತೂ ಬೇಕೆಂದೇ ಕೈಗೆ ಹತ್ತತ್ತು ಬರೆದರು.

“ಮೈಯೆಲ್ಲಾ ಡಬ್ಬಿ ಆತಲ್ರಿ ಮಾವಶಿ! ಯಾರ ನೋಡ್ತಾರ?”

“ನೋಡಾಕಲ್ಲಲೇ. ಹಿಂಡಾಕ.”

ಹಿಂಡಿಸಿಕೊಳ್ಳಲು ಒಬ್ಬ ಗ್ರಹಗಳ್ಳ ಬಂದ. ಬೇರೆಯವರು ಕಷ್ಟಪಟ್ಟು ಕಟ್ಟಿದ ಗ್ರಹಗಳಿಗೆ ತನ್ನ ಅಳಿಯನ ಹೆಸರಿನ ಬೋರ್ಡು ಹಾಕುವುದು ಅವನ ಕಸುಬು. ಮೂಗು ಚೇರಮನ್ನರದು, ವಾರೆ ಟೋಪಿಯೂ ಅವರದೇ. ಕೆರೆದ ಗಂಟಲನ್ನು, ‘ಅಂದ್ರ ನೋಡ್ರಿ’ಯನ್ನು ನಾನು ಮರಾಠಿಗೆ ತಿರುಗಿಸಿ ಅವನ ಬಾಯಿಗೆ ತುರುಕಿದೆ. ಮಾಧವನಗರದ ಗಿರಣಿಯವರು ಶೇರ್ ಆಟೋದಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಬಾಗಿ ಓದಿ ನಕ್ಕರು. ಮೇಲೆ ಹೆಸರು ಅಳಿಯನದೇ ಇತ್ತಲ್ಲ, ಬರೆದವರು ಯಾರೆಂದು ಗೊತ್ತಿದ್ದರೂ ಚೇರಮನ್ನರು ಮಂದಿಯ ಮುಂದೆ ಮುಂಬಯಿಗೆ ಫೋನು ಹಚ್ಚಿ, “ನನ್ನ ಅನ್ನಾ ತಿಂದು ನನ್ನs ಹಿಂಡ್ತಿಯೇನಲೇ?” ಎಂದು ಅವನಿಗೇ ಬೈದರಂತೆ!

ಕಥೆ ನಿಲ್ಲಿಸಿದರೆ ಮಾಸಿಕವೇ ನಿಲ್ಲುತ್ತಿತ್ತು. ಹೆಸರು ಬದಲಿಸಿದರೆ ಕಳವು ಒಪ್ಪಿಕೊಂಡಂತಾಗುತ್ತಿತ್ತು. ಅವರು ಹಲ್ಲುಕಚ್ಚಿ ಅಚ್ಚು ಹಾಕಿಸುತ್ತ ಹೋದರು. ಮಾವಶಿಗೆ ಮಾತ್ರ ಅಷ್ಟು ಸಾಲಲಿಲ್ಲ. ತಮ್ಮ ಹೆಸರು ಬರಲೇಬೇಕಿತ್ತು.

ಆ ವರ್ಷ ಮುದ್ರಣಾಲಯದ ಸರ್ವಸಾಧಾರಣ ಸಭೆಯಲ್ಲಿ ನನಗೆ ಸ್ವಾಗತ, ಆಭಾರ ಹೇಳುವ ಕೆಲಸವಿತ್ತು. ಹಾಗಾಗಿ ನನ್ನ ಮುಂದೆಯೂ ಒಂದು ಮೈಕು. ನಮ್ಮ ಕಡೆಯ ಸಹಕಾರಿ ಸಭೆಗಳ ಪದ್ಧತಿ ಗೊತ್ತಲ್ಲ? ಚೇರಮನ್ನರು ಒಂದೇ ಉಸಿರಿಗೆ ಠರಾವು ಓದುತ್ತಾರೆ, ಊಟದ ವಾಸನೆ ಹಿಡಿದು ಕೂತ ಸದಸ್ಯರು ‘ಮಂಜೂರ್!’ ಎಂದು ಕೂಗುತ್ತಾರೆ. ನಡುವೆ ಚೇರಮನ್ನರು ತಂಬಾಕು ಉಗುಳಲು ಕಿಟಕಿಗೆ ಹೋದರು. ನಾನು ಗಂಟಲು ಕೆರೆದೆ. ಅವರದೇ ದನಿಯಲ್ಲಿ, ವಿದ್ಯುಲ್ಲತೆಯ ಕಲ್ಪನೆ ಮತ್ತು ಚಿತ್ರ ಮಾವಶಿಯದೆಂದು ಅವರ ಪೂರ್ತಿ ಹೆಸರು ಹೇಳಿ, ಇನ್ನು ಮುಂದೆ ಹಾಗೆಯೇ ಅಚ್ಚು ಹಾಕತಕ್ಕದ್ದೆಂದು ಓದಿದೆ.

“ಮಂಜೂರ್!”

ಚೇರಮನ್ನರು ಬಾಯಿ ಒರೆಸುತ್ತ ಓಡಿಬಂದರು. “ಯಾವನ್ಲೇ ಅಂವ? ನಾ ಅಂದೇ ಇಲ್ಲ!”

ಸೆಕ್ರೆಟರಿ ಅವರ ಕಿವಿಗೆ ಬಾಗಿದರು. ಮೈಕು ಚಾಲೂ ಇತ್ತು. “ಸಾಹೇಬ್ರ, ಮಂದಿ ಕೇಳದ ಮಂಜೂರ್ ಅಂತಾರ ಅಂತ ನೀವs ಒಪ್ಪಿಕೊಂಡ್ರ ನಮ್ಮ ಉಳಿದ ಠರಾವೂ ಬಿದ್ದುಹೊಕ್ಕಾವ್ರಿ.”

ಚೇರಮನ್ನರು ಕೂತರು.

ಮುಂದಿನ ಸಂಚಿಕೆಯಲ್ಲಿ ಮಾವಶಿಯ ಹೆಸರು ಬಂತು. ಕುಣಿಯುತ್ತ ಒಯ್ದು ತೋರಿಸಿದೆ. ಅವರು ಅದರ ಮೇಲೆ ಬೆರಳಾಡಿಸಿ, “ಅಂವ ತಾನs ಅಂದ್ನೇನು?” ಎಂದು ಕೇಳಿದರು.

“ಅವರ ದನೀನs ರೀ ಮಾವಶಿ, ಕೂದಲಷ್ಟೂ ಫರಕಿಲ್ಲ.”

“ದನಿ ನಿಂದು. ಕದ್ದಾಂವ ತನ್ನ ಬಾಯಿಲೆ ಅನಬೇಕು. ಅಲ್ಲೀಮಟಾ ಬಿಡಂಗಿಲ್ಲ.”

ಬಿಡಲೂ ಇಲ್ಲ. ಆಮೇಲಿನ ಕಂತುಗಳಲ್ಲಿ ವಿದ್ಯುಲ್ಲತಾ ಗ್ರಹಗಳ್ಳನನ್ನು ಕಾಲ ಕಡೆಯಿಂದ ಗಾಣಕ್ಕೆ ಕೊಟ್ಟಳು, ಬಾಯಿ ಹೊರಗಿರಲಿ ಎಂದು. ಒಂದು ತಿಂಗಳು ಮೊಣಕಾಲು, ಒಂದು ತಿಂಗಳು ಸೊಂಟ... ಚೇರಮನ್ನರು ದಾರಿಯಲ್ಲಿ ಸಿಕ್ಕರೆ ಮಾವಶಿ ನಿಂತು ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಟೋಪಿ ಸರಿಮಾಡಿಕೊಂಡು ರಸ್ತೆ ದಾಟುತ್ತಿದ್ದರು.

ಆ ಮಳೆಗಾಲದಲ್ಲಿ ಮಾವಶಿಗೆ ಕಾವಿಳಿ, ಅಂದರೆ ಕಾಮಾಲೆ ಆಯಿತು. ಖಂಡೇರಾಜುರಿಯ ಅಣ್ಣನ ಮನೆಗೆ ಹೋದವರು ಹಿಂತಿರುಗಲಿಲ್ಲ. ಮಣ್ಣು ಕೊಡಲು ಚೇರಮನ್ನರೂ ಬಂದಿದ್ದರು. ಗಂಟಲು ಕೆರೆದರು. ನಾನು ಕಿವಿ ನಿಮಿರಿಸಿದೆ. ಕೆಮ್ಮಿ, ಟೋಪಿ ಸರಿಮಾಡಿಕೊಂಡು ಹೊರಟುಹೋದರು.

ಮಾಸಿಕವೂ ನಿಂತು ಕೆಲವು ವರ್ಷಗಳಾದವು. ಮಾವಶಿ ಬರೆದ ಕೊನೆಯ ಪುಟ ನನ್ನ ಹತ್ತಿರವಿದೆ. ಗ್ರಹಗಳ್ಳ ಕುತ್ತಿಗೆಯವರೆಗೆ ಗಾಣದೊಳಗಿದ್ದಾನೆ, ಬಾಯಿ ತೆರೆದಿದೆ, ಮಾತಿನ ಗುಳ್ಳೆ ಖಾಲಿ. ಅದನ್ನು ತುಂಬುವುದು ನನಗೆ ಎಡಗೈ ಕೆಲಸ. ತುಂಬಿಲ್ಲ. ಚೇರಮನ್ನರು ಗಟ್ಟಿಯಾಗಿದ್ದಾರೆ, ದಿನಾ ಸಂಜೆ ಸಾಂಗಲಿಯಲ್ಲಿ ತಿರುಗಾಡುತ್ತಾರೆ. ಒಂದು ದಿನ ಅಂದೂಬಿಟ್ಟಾರು... ಅಂದರೂ, ಕೇಳಿಸಿಕೊಂಡು ಅವನನ್ನು ಗಾಣದಿಂದ ಬಿಡಿಸಲು ಮಾವಶಿ ಇಲ್ಲ.